ಅಂಕಿಯೇ ಕೈಲಾಸ

ನೌಕರನೆಂಬ ಜೀವಿಯ ವಿಷಯದಲ್ಲಿ ಆಡಳಿತಶಾಸ್ತ್ರವು ತಲುಪಿರುವ ತೀರ್ಮಾನ ಬಹಳ ಸರಳವಾದುದು: ಕಣ್ಣೆದುರು ಆಮಿಷ ತೂಗದಿದ್ದರೆ ಅವನು ಕುರ್ಚಿ ಬಿಟ್ಟೇಳುವುದಿಲ್ಲ, ತೂಗಿದರೆ ಓಡುತ್ತಾನೆ. ಈ ಶಾಸ್ತ್ರವನ್ನು ರಚಿಸುವವರು ಮಾತ್ರ ಸಂಸ್ಥೆಯ ಮೇಲಿನ ಪ್ರೀತಿಯಿಂದಲೇ ದುಡಿಯುವವರಾದ್ದರಿಂದ ಅವರಿಗೆ ಸಲ್ಲುವ ಬೋನಸ್ಸನ್ನು ಆಮಿಷವೆನ್ನಲಾಗದು, ಅದು ಗೌರವಧನ. ಈ ಸೂಕ್ಷ್ಮ ತಿಳಿಯದವರು ಪ್ರತಿವರ್ಷ ಕೆಲಸವನ್ನು ತೂಗಿನೋಡುವ ಅಪ್ರೈಸಲ್ ಹೊತ್ತಿಗೆ ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುತ್ತಾರೆ.

ಎಲ್ಲ ಕಚೇರಿಗಳಲ್ಲೂ ಒಬ್ಬ ಹಿರಿಯ ಸಹೋದ್ಯೋಗಿ ಇದ್ದೇ ಇರುತ್ತಾರೆ. ಹೊಸಬರು ಕೆಲಸದ ನಡುವೆ ದಾರಿ ಕಾಣದೆ ಕುಳಿತಾಗ ಅವರು ಎದ್ದು ಬಂದು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ತಪ್ಪಾಗಿರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಏನೂ ನಡೆದೇ ಇಲ್ಲವೆಂಬಂತೆ ಮರಳಿ ಹೋಗುತ್ತಾರೆ. ಇಷ್ಟು ಬೆಲೆಬಾಳುವ ಕೆಲಸವೊಂದು ಯಾವ ಲೆಕ್ಕಕ್ಕೂ ಸಿಗದೆ ಹಾಡಹಗಲೇ ನಡೆಯುತ್ತಿದೆಯೆಂದು ಗೊತ್ತಾದ ದಿನ ಎಚ್‌ಆರ್ ವಿಭಾಗಕ್ಕೆ ನಿದ್ರೆ ಬರುವುದಿಲ್ಲ. ಮರುತಿಂಗಳಿಂದ 'ಸಹಕಾರ ಪಾಯಿಂಟು' ಜಾರಿಗೆ ಬರುತ್ತದೆ. ನೆರವು ಪಡೆದವನು ಆ್ಯಪ್ ತೆರೆದು ನೆರವಾದವರ ಹೆಸರಿಗೆ ಪಾಯಿಂಟು ಹಾಕಬೇಕು. ಸ್ವಲ್ಪ ದಿನದಲ್ಲೇ "ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ" ಎಂಬ ಒಡಂಬಡಿಕೆ ಮೇಜಿನಿಂದ ಮೇಜಿಗೆ ಹಬ್ಬಿ, ಇಡೀ ವಿಭಾಗ ಸಹಕಾರದಲ್ಲಿ ಮುಳುಗಿಹೋಗುತ್ತದೆ. ಹಿರಿಯರು ಮಾತ್ರ, ಪಾಯಿಂಟಿನ ಆಸೆಗೆ ಬಂದರೆಂದು ಯಾರಾದರೂ ತಿಳಿದಾರು ಎಂಬ ಸಂಕೋಚದಲ್ಲಿ, ಕುಳಿತಲ್ಲಿಯೇ ಕುಳಿತಿರುತ್ತಾರೆ. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳಿಗೆ "ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮುಂಚಿತವಾಗಿ ಹೇಳಲಾಯಿತು; ಆಮೇಲೆ ಬಿಡುವಿನ ಆಟದ ಸಮಯದಲ್ಲಿ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅದು ಶಿಶುವಿಹಾರದ ಮಾತು, ಪ್ರಬುದ್ಧರಾದ ನಮಗೆ ಅನ್ವಯಿಸದು ಎಂಬ ನಂಬಿಕೆಯಲ್ಲಿ ನಾವಿದ್ದೇವೆ.

ಇವೆಲ್ಲ ಸಣ್ಣಪುಟ್ಟ ಸಾಧನೆಗಳಾದವು. ಇನ್ಸೆಂಟಿವ್ ಎಂಬ ಈ ಆಮಿಷದ ಶಾಸ್ತ್ರವು ತನ್ನ ವಿಶ್ವರೂಪವನ್ನು ತೋರಿದ್ದು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ. ಖಾತೆ, ಕಾರ್ಡು, ಸಾಲ ಇತ್ಯಾದಿ ಸೇರಿ ಒಂದೊಂದು ಗ್ರಾಹಕ ಕುಟುಂಬಕ್ಕೂ ಎಂಟೆಂಟು ಸೇವೆಗಳನ್ನು ಮಾರಬೇಕೆಂಬುದು ಅಲ್ಲಿನ ಗುರಿಯಾಗಿತ್ತು. ಎಂಟೇ ಏಕೆ ಎಂಬ ಪ್ರಶ್ನೆಗೆ ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಪ್ 2010ರ ವಾರ್ಷಿಕ ವರದಿಯಲ್ಲಿ ಕೊಟ್ಟ ಉತ್ತರ, 'ಏಯ್ಟ್' ಎಂಬುದು 'ಗ್ರೇಟ್' ಎಂಬುದರೊಡನೆ ಪ್ರಾಸವಾಗುತ್ತದೆ ಎಂಬುದು. ಪ್ರಾಸಕ್ಕಾಗಿ ಅರ್ಥವನ್ನು ಬಲಿಗೊಟ್ಟ ಕವಿಗಳನ್ನು ನಾವು ಕಂಡಿದ್ದೇವೆ; ಪ್ರಾಸಕ್ಕಾಗಿ ಗುಮಾಸ್ತರನ್ನು ಬಲಿಗೊಟ್ಟ ಕಾವ್ಯ ಬಹುಶಃ ಇದೊಂದೇ. (ಗುರಿಯನ್ನು 'ನೈನ್' ಎಂದಿಟ್ಟಿದ್ದರೆ 'ಫೈನ್' ಎಂಬುದರೊಡನೆ ಪ್ರಾಸವಾಗಿ, ಮುಂದೆ ಬರಲಿದ್ದ ದಂಡಕ್ಕೂ ಒಪ್ಪುತ್ತಿತ್ತು.)

ಗ್ರಾಹಕನಿಗೆ ಎಂಟು ಖಾತೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ಸಂಜೆಯೊಳಗೆ ಲೆಕ್ಕ ಒಪ್ಪಿಸಬೇಕಾದ ಗುಮಾಸ್ತನಿಗೆ. ಆದಕಾರಣ ಗ್ರಾಹಕನನ್ನು ಕೇಳುವ ತೊಡಕನ್ನೇ ನಿವಾರಿಸಲಾಯಿತು. ಆನ್‌ಲೈನ್ ಸೇವೆಗೆ ನೋಂದಾಯಿಸಲು ಇಮೇಲ್ ವಿಳಾಸವೊಂದು ಬೇಕು. ನಿಜವಾದ ವಿಳಾಸ ಕೊಟ್ಟರೆ ಗ್ರಾಹಕನಿಗೆ ಸುದ್ದಿ ಮುಟ್ಟಿಬಿಡುತ್ತದೆ. ಹಾಗಾಗಿ 'ನೋನೇಮ್' ಎಂದು ಆರಂಭವಾಗುವ, ಬ್ಯಾಂಕಿನದೇ ಹೆಸರಿನಲ್ಲಿ ಮುಗಿಯುವ ವಿಳಾಸಗಳನ್ನು ಕಲ್ಪಿಸಿ ಅರ್ಜಿ ತುಂಬಿದರು. ನಿಷ್ಪಕ್ಷಪಾತವಾಗಿ ನೋಡಿದರೆ ಗುರಿಯ ಮೇಲಿನ ನಿಷ್ಠೆ, ಗಡುವಿನ ಪಾಲನೆ, ಹೊಸತನದ ಚಿಂತನೆ ಮುಂತಾಗಿ ಅಪ್ರೈಸಲ್ ನಮೂನೆಯಲ್ಲಿ ಕೇಳುವ ಸದ್ಗುಣಗಳೆಲ್ಲವೂ ಈ ಒಂದೇ ಕ್ರಿಯೆಯಲ್ಲಿ ನೆರೆದಿವೆ.

2016ರ ಸೆಪ್ಟೆಂಬರಿನಲ್ಲಿ ನಿಯಂತ್ರಕರು ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ವಿಧಿಸಿದರು. ಅನುಮತಿಯಿಲ್ಲದೆ ತೆರೆದಿರಬಹುದಾದ ಖಾತೆಗಳು ಸುಮಾರು 20 ಲಕ್ಷವೆಂದು ಆಗ ಅಂದಾಜಾಗಿತ್ತು. ಈ ಖಾತೆಗಳ ಹೆಸರಿನಲ್ಲಿ ವಸೂಲಾಗಿದ್ದ ಶುಲ್ಕವೆಂದು ಬ್ಯಾಂಕು ಗ್ರಾಹಕರಿಗೆ ಆಗ ಹಿಂದಿರುಗಿಸಿದ್ದು ಸುಮಾರು 26 ಲಕ್ಷ ಡಾಲರ್. ಅಂದರೆ ಕದ್ದ ಮಾಲಿನ ಎಪ್ಪತ್ತು ಪಟ್ಟು ದಂಡ ತೆರಬೇಕಾದ ಈ ಕಳ್ಳತನವನ್ನು ವ್ಯಾಪಾರದ ದೃಷ್ಟಿಯಿಂದಲೂ ಮೆಚ್ಚುವಂತಿರಲಿಲ್ಲ. ಅಷ್ಟು ಹೊತ್ತಿಗಾಗಲೇ, ಐದು ವರ್ಷಗಳ ಅವಧಿಯಲ್ಲಿ, ಸುಮಾರು 5,300 ನೌಕರರನ್ನು ಬ್ಯಾಂಕು ಮನೆಗೆ ಕಳುಹಿಸಿತ್ತು. ಬೇರೆ ಬೇರೆ ಊರುಗಳ ಸಾವಿರಾರು ಮಂದಿ, ಒಬ್ಬರ ಮುಖ ಒಬ್ಬರು ಕಾಣದವರು, ಒಂದೇ ತಪ್ಪನ್ನು ಒಂದೇ ಬಗೆಯಲ್ಲಿ ಮಾಡುತ್ತಿರುವಾಗ ಅದನ್ನು ಅವರವರ ಚಾರಿತ್ರ್ಯದೋಷವೆಂದು ಗುರುತಿಸುವುದಕ್ಕೆ ವಿಶೇಷ ತರಬೇತಿಯೇ ಬೇಕು. ಸ್ಟಂಪ್ ಅವರೂ ಪಾರಾಗಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು: ಸೆನೆಟ್ ಸಮಿತಿಯೆದುರು ಕುಳಿತು ಬೈಗುಳ ಕೇಳಿದ ಬಳಿಕ ಅವರು ಸುಮಾರು 4.1 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಬಿಟ್ಟುಕೊಟ್ಟು, ಅಕ್ಟೋಬರಿನಲ್ಲಿ ಹುದ್ದೆ ತೊರೆದರು. ಗುಮಾಸ್ತರನ್ನು ತೆಗೆಯಲು ಸೆನೆಟ್ಟಿನ ನೆರವು ಬೇಕಾಗಿರಲಿಲ್ಲ.

ಕಥೆಗೆ ಉತ್ತರಭಾಗವೂ ಇದೆ. 2024ರ ಮೇ ತಿಂಗಳಿನಲ್ಲಿ ಇದೇ ಬ್ಯಾಂಕು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದುಹಾಕಿತು. ಕೀಲಿಮಣೆ ಒತ್ತುತ್ತಿರುವಂತೆ ಕಂಪ್ಯೂಟರನ್ನು ನಂಬಿಸಿ, ದುಡಿಯುತ್ತಿರುವ ಭ್ರಮೆ ಹುಟ್ಟಿಸಿದರೆಂಬುದು ಅವರ ಮೇಲಿದ್ದ ಆರೋಪ. ಮೊದಲು ಖಾತೆ ಎಣಿಸಿದರು, ಖಾತೆ ಹುಟ್ಟಿತು. ಬೆರಳಿನ ಚಲನೆಯ ಮೇಲೆ ಕಣ್ಣಿಟ್ಟರು, ಚಲನೆಯೂ ಹುಟ್ಟಿತು. ಮಾಡುವ ಕೆಲಸ ಮುಗಿಯಿತೇ ಎಂದು ಕೇಳಿನೋಡುವ ಹಳೆಯ ವಿಧಾನಕ್ಕೆ ಮೇಲ್ವಿಚಾರಕನಿಗೂ ಆ ಕೆಲಸ ಗೊತ್ತಿರಬೇಕಾಗುತ್ತದೆ. ಅದರ ವೆಚ್ಚವನ್ನು ಯಾವ ಸಂಸ್ಥೆಯೂ ಭರಿಸಲಾರದು.

ಹಾಗೆಂದು ಪ್ರೋತ್ಸಾಹಧನವೆಲ್ಲ ಮೋಸವೆಂದರೆ ಅದೂ ಸುಳ್ಳೇ. ವಾಹನಗಳಿಗೆ ಗಾಜು ಕೂರಿಸುವ ಸೇಫ್‌ಲೈಟ್ ಎಂಬ ಕಂಪನಿಯು 1990ರ ದಶಕದ ನಡುವಿನಲ್ಲಿ ಗಂಟೆಯ ಕೂಲಿಯನ್ನು ಬಿಟ್ಟು, ಕೂರಿಸಿದ ಗಾಜಿಗೆ ಇಂತಿಷ್ಟು ಎಂಬ ಪದ್ಧತಿಗೆ ಬದಲಾದಾಗ ತಲಾ ಉತ್ಪಾದನೆ ಸರಾಸರಿ ಶೇ. 44ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲಜಿಯರ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಈ ಶೇ. 44 ಎಂಬ ಅಂಕಿಯು ಇನ್ಸೆಂಟಿವ್ ಸಲಹೆಗಾರರಿಗೆ ಬಲು ಪ್ರಿಯವಾಗಬೇಕಾದುದು. ಆದರೆ ಅಲ್ಲಿ ಇನ್ನೊಂದು ಷರತ್ತೂ ಇತ್ತು: ಕೂರಿಸಿದ ಗಾಜು ಕೆಲಸಗಾರನ ತಪ್ಪಿನಿಂದ ಒಡೆದರೆ ಅವನೇ ತನ್ನ ಸ್ವಂತ ಸಮಯದಲ್ಲಿ ಅದನ್ನು ಮತ್ತೆ ಕೂರಿಸಿ, ಹೊಸ ಗಾಜಿನ ಬೆಲೆಯನ್ನೂ ತೆರಬೇಕು. ಯೋಜನೆಯನ್ನು ಎಷ್ಟೋ ಕಡೆ ನಕಲು ಮಾಡಿಕೊಂಡ ಮೇಲಧಿಕಾರಿಗಳಿಗೆ ಈ ಒಂದು ಷರತ್ತು ಕಣ್ಣಿಗೆ ಬೀಳದೆ ಹೋದದ್ದು ಆಕಸ್ಮಿಕವೇ ಇರಬೇಕು. ತಾವು ಕೂರಿಸಿದ ಟಾರ್ಗೆಟ್ ಒಡೆದು ಚೂರಾದಾಗ ಭಾನುವಾರ ಬಂದು ಚೂರು ಆರಿಸುವ ನಿಯಮವನ್ನು ಅವರೂ ತಮಗೆ ಹಾಕಿಕೊಂಡರೆ, ಪ್ರಾಸದ ಮೇಲೆ ಗುರಿ ನಿಗದಿಪಡಿಸುವ ಉತ್ಸಾಹ ತುಸು ತಗ್ಗೀತು.

ಅಲ್ಲಿಯವರೆಗೆ ಆಪಲ್‌ನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಅವರ ಉಪಾಯ ಇದ್ದೇ ಇದೆ. 1982ರ ಆರಂಭದಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರಿನ ತಂಡದವರು, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರೆಂದು ಪ್ರತಿ ಶುಕ್ರವಾರ ನಮೂನೆ ತುಂಬಿಕೊಡಬೇಕೆಂದು ಆಡಳಿತ ಆಜ್ಞಾಪಿಸಿತು. ಅಟ್ಕಿನ್ಸನ್ ಆ ವಾರ ಚಿತ್ರರಚನೆಯ ಭಾಗವೊಂದನ್ನು ಹೊಸದಾಗಿ ಬರೆದು, ಅದರ ವೇಗವನ್ನು ಸುಮಾರು ಆರು ಪಟ್ಟು ಹೆಚ್ಚಿಸಿ, ಆ ಭರದಲ್ಲಿ ಸುಮಾರು ಎರಡು ಸಾವಿರ ಸಾಲುಗಳನ್ನು ಅಳಿಸಿಹಾಕಿದ್ದರು. ನಮೂನೆಯಲ್ಲಿ ಅವರು ತುಂಬಿದ ಸಂಖ್ಯೆ: ಮೈನಸ್ 2,000. ಕೆಲವು ವಾರಗಳ ಬಳಿಕ ಆಡಳಿತವು ಅವರಿಂದ ಆ ನಮೂನೆಯನ್ನು ಕೇಳುವುದನ್ನೇ ಬಿಟ್ಟಿತು.