ಮೊನೆ ಮುರಿದರೆ ಮುರೀಲಿ

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ನಾಪೋಕ್ಲಿನ ನಮ್ಮ ಗದ್ದೆ ಬದಿಯ ಕೆಸುವಿನ ಎಲೆ ಮೇಲೆ ನೀರಿನ ಗುಂಡು ಉರುಳಿಸುವುದು ನಮ್ಮ ಆಟ. ಎಷ್ಟು ನೀರು ಬಿದ್ದರೂ ಎಲೆ ಒದ್ದೆಯಾಗುತ್ತಿರಲಿಲ್ಲ. ಯಾಕೆ ಅಂತ ಶಾಲೆಯಲ್ಲಿ ಕೇಳಿದ್ದೆ. ಅಲ್ಲಿದ್ದ ಒಂದೇ ಮೈಕ್ರೋಸ್ಕೋಪ್ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. 'ಮುಟ್ಬೇಡಿ, ಒಡೆದರೆ ಯಾರು ಕೊಡ್ತಾರೆ?' ಕೊನೆಗೆ ಮಳೆಗಾಲದ ತೇವಕ್ಕೆ ಅದರ ಲೆನ್ಸಿಗೆ ಬೂಸ್ಟು ಬಂತು.

ಈಗ ನಾನಿರುವುದು ಜ್ಯೂರಿಕ್‌ನಲ್ಲಿ. ಹೆಂಡತಿ ಕೆಲಸ ಮಾಡುವ ಲ್ಯಾಬಿನ ಕೆಮಿಸ್ಟ್ರಿ ಪ್ರೊಫೆಸರಿಗೆ ಎರಡು ವಸ್ತು ಒಂದನ್ನೊಂದು ಮುಟ್ಟುವ ಜಾಗದ ಮೇಲೇ ಕಣ್ಣು. ಬ್ಯಾಟರಿಯೊಳಗೆ ಲೋಹಕ್ಕೆ ದ್ರವ ತಾಗುವ ಕಡೆ, ಎಲೆಗೆ ನೀರು ತಾಗುವ ಕಡೆ. ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದನ್ನು ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್ ಬಿಡಿಸಿ ತೋರಿಸುವುದಿಲ್ಲ. ಅದಕ್ಕೇ ಅವರು ತಡವಿ ನೋಡುತ್ತಾರೆ. 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಸೇರಿ ಮಾಡಿದ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಹಾಗೇ ಕೆಲಸ ಮಾಡುತ್ತದೆ. ಕತ್ತಲಲ್ಲಿ ಕೋಲು ತಟ್ಟುತ್ತಾ ನಡೆದ ಹಾಗೆ ಒಂದು ಮೊನೆ ಮೇಲ್ಮೈ ಮೇಲೆ ಓಡಾಡುತ್ತದೆ. ಅದು ಏರಿಳಿದದ್ದನ್ನು ಅದರ ಬೆನ್ನಿಗೆ ಬಡಿದು ಮರಳುವ ಲೇಸರ್ ಹೇಳುತ್ತದೆ. ಮೊನೆಯ ತುದಿ ಸುಮಾರು 10 ನ್ಯಾನೋಮೀಟರ್. ತಲೆಕೂದಲಿನ ದಪ್ಪ 80,000ದ ಆಸುಪಾಸು!

ಒಂದು ಶನಿವಾರ ತಮಿಳರ ಅಂಗಡಿಯಲ್ಲಿ ಸಿಕ್ಕಿದ ಕೆಸುವಿನ ಎಲೆ ಹಿಡಿದು ಮಗಳ ಜೊತೆ ಲ್ಯಾಬಿಗೆ ಹೋದೆ. ಇಷ್ಟು ಒರಟು ಎಲೆ ಈ ಯಂತ್ರಕ್ಕೆ ಕಷ್ಟ ಅಂತ ಪ್ರೊಫೆಸರ್ ಮೊದಲೇ ಹೇಳಿದ್ದರು. ಆದರೂ ಮಗಳ ಕೈಗೇ ಮೌಸ್ ಕೊಟ್ಟರು. ಎರಡನೇ ನಿಮಿಷಕ್ಕೆ ಮೊನೆ ಮುರೀತು. ನನಗೆ ಬೆವರು. ಅವರು ಡಬ್ಬಿಯಿಂದ ಇನ್ನೊಂದು ತೆಗೆದು ಸಿಕ್ಕಿಸಿದರು, ಅಷ್ಟೇ. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಲೆ ಮೇಲಿನ ಪುಟ್ಟ ಉಬ್ಬುಗಳು ಕಂಡವು, ಅವುಗಳ ಮೇಲೆ ಮೇಣದ ಸಣ್ಣ ಸಣ್ಣ ಚೂರು. ನೀರು ಅವುಗಳ ತುದಿಗಷ್ಟೇ ತಾಗಿ, ನಡುವಿನ ಗಾಳಿ ಮೇಲೆ ಕೂತಿರುತ್ತದೆ. ಮೂವತ್ತು ವರ್ಷ ತಡವಾಗಿ ಉತ್ತರ ಸಿಕ್ತು.

ದುಡ್ಡಿನ ಮಾತು ಬೇಡ, ಬೆಂಗಳೂರಲ್ಲೂ ಇಂಥ ಯಂತ್ರಗಳಿವೆ. ಕೊಡಗಿನವರು ಅಂಜುವ ಜನವೂ ಅಲ್ಲ. ಕೈಲ್‌ಪೊಳ್ದಿನ ದಿನ, ಅಂದರೆ ನಮ್ಮ ಆಯುಧ ಪೂಜೆ ಹಬ್ಬದಲ್ಲಿ, ತೆಂಗಿನಕಾಯಿಗೆ ಗುರಿ ಇಡು ಅಂತ ನನ್ನ ಕೈಗೆ ಕೋವಿ ಕೊಟ್ಟಾಗ ನನಗೆ ಹನ್ನೊಂದು ವರ್ಷ. ಕೋವಿ ಕೊಡಬಹುದು, ಮೈಕ್ರೋಸ್ಕೋಪ್ ಕೊಡಬಾರದು! ಇದು ಯಾವ ಲೆಕ್ಕ, ಅಲ್ವಾ?

ಮುರಿದ ಮೊನೆ ಅಂಟಿದ್ದ ಚಿಪ್ ಅಕ್ಕಿಕಾಳಿಗಿಂತ ಚಿಕ್ಕದು. ಮಗಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಈ ಸಲ ಕೈಲ್‌ಪೊಳ್ದಿಗೆ ಊರಿಗೆ ಹೋದಾಗ ಕೋವಿ ಪಕ್ಕ ಅದನ್ನೂ ಇಟ್ಟು ತೋಕ್‌ಪೂ ಹೂವು ಮುಡಿಸಬೇಕಂತೆ.