ನೆಲಕ್ಕೆ ಮರದ ಹಲಗೆ ಕೂರಿಸೋ ಮುಂಚೆ ತೇವಾಂಶ ನೋಡ್ಲೇಬೇಕು
ಅಗಲ ಹಲಗೆ ರೂಮಿನ ಹವೆಗೆ ಹೊಂದ್ಕೊಳ್ಳೋಕೆ ಬಾಕ್ಸ್‌ಗಳನ್ನ ಅಲ್ಲೇ 3 ದಿನ ಇಟ್ರೆ ಸಾಕು ಅಂತ ಬರ್ದಿದ್ದೀರಲ್ಲ, ಅದೊಂದನ್ನ ಒಪ್ಪೋಕಾಗಲ್ಲ ಸರ್, ದಿನ ಎಣಿಸಿದ್ರೆ ಏನೂ ಗೊತ್ತಾಗಲ್ಲ, ತೇವಾಂಶ ಅಳೆಯೋ ಮಾಯಿಶ್ಚರ್ ಮೀಟರ್ ಹಿಡಿದು ಹಲಗೆನೂ ಅದು ಕೂರೋ ಕೆಳಗಿನ ಮರದ ಪದರ, ಅಂದ್ರೆ ಸಬ್‌ಫ್ಲೋರೂ, ಎರಡನ್ನೂ ನೋಡ್ಬೇಕು, ಎರಡರ ತೇವಾಂಶದ ವ್ಯತ್ಯಾಸ ಶೇ. 2ರೊಳಗೆ ಬಂದ್ಮೇಲೇನೇ ಕೆಲಸ ಶುರು ಮಾಡ್ಬೇಕು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ, ಅಡ್ಡಕ್ಕೇ ಹಿಗ್ಗೋದು ಕುಗ್ಗೋದು, ಹಂಗಾಗಿ ಹಲಗೆ ಅಗಲ ಇದ್ದಷ್ಟೂ ಸಂದು ದೊಡ್ಡದಾಗಿ ಕಾಣುತ್ತೆ, ಕೆಳಗಿಂದ ತೇವ ಹತ್ತಿದ್ರಂತೂ ಅಂಚು ಮೇಲೆದ್ದು ನಡು ತಗ್ಗಾಗಿ ಬರಿಗಾಲಲ್ಲಿ ನಡೆದ್ರೇ ಗೊತ್ತಾಗ್ಬಿಡುತ್ತೆ. 5 ಇಂಚಿಗಿಂತ ಅಗಲದ ಸಾಲಿಡ್ ಹಲಗೆ (ಪದರ ಇಲ್ದೆ ಪೂರ್ತಿ ಒಂದೇ ಮರದ್ದು) ಆದ್ರೆ ಬರೀ ಮೊಳೆ ನಂಬ್ಕೋಬೇಡಿ, ಹಲಗೆ ಕೆಳಗೆ ಅಂಟೂ ಹಾಕ್ಸಿ. ಮರ ಹಿಗ್ಗೋಕೆ ಜಾಗ ಇರ್ಲಿ ಅಂತ ಗೋಡೆ ಸುತ್ತ ಅರ್ಧದಿಂದ ಮುಕ್ಕಾಲು ಇಂಚು ಗ್ಯಾಪ್ ಬಿಡ್ಲೇಬೇಕು, ಗೋಡೆ ಬುಡದ ಪಟ್ಟಿ (ಸ್ಕರ್ಟಿಂಗ್) ಅದನ್ನ ಮುಚ್ಚುತ್ತೆ ಬಿಡಿ. ಕಾಂಕ್ರೀಟ್ ಮೇಲೆ ಹಾಕೋರು ದಯವಿಟ್ಟು ಎಂಜಿನಿಯರ್ಡ್ ಹಲಗೆನೇ (ಪದರ ಪದರವಾಗಿ ಅಂಟಿಸಿ, ಮೇಲೆ ಅಸಲಿ ಮರ ಇರೋದು) ತಗೊಳ್ಳಿ.