ಪಿಕಪ್ ಬೇಕಾ, ಸೌಂಡ್ ಬೇಕಾ?

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ, ಎಂಜಿನ್ನಿಗೆ ತಣ್ಣನೆಯ ಗಾಳಿ ಒದಗಿಸುವ ಪೈಪು-ಫಿಲ್ಟರಿನ ಕಿಟ್, ಅಂದರೆ ಕೋಲ್ಡ್ ಏರ್ ಇನ್‌ಟೇಕ್ ಕೇಳಿದರೆ, ಕಾರು ಯಾವುದು ಅನ್ನುವುದಕ್ಕೂ ಮೊದಲು ಬರುವ ಪ್ರಶ್ನೆ: "ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ ಸಾರ್?" ಒರಿಜಿನಲ್ ಅಂದರೆ ಕೆ ಅಂಡ್ ಎನ್, ಬಿಎಂಸಿ, ಎಇಎಂ ಥರದ ಹೆಸರಿರುವ ಡಬ್ಬಿ. ಲೋಕಲ್ ಅಂದರೆ 'ರೇಸಿಂಗ್' ಎಂಬುದೊಂದೇ ಹೆಸರಿರುವ ಡಬ್ಬಿ. ಒಳಗೆ ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ಕೆಂಪೋ ನೀಲಿಯೋ ಒಂದು ಕೋನ್ ಫಿಲ್ಟರು, ನಾಲ್ಕು ಕ್ಲ್ಯಾಂಪು, ಜೊತೆಗೆ ಎಲ್ಲ ಕಾರಿಗೂ ಆಗುತ್ತದೆ ಎಂದು ಸಾರುವ ಒಂದು ಚೀಟಿ. ಎಲ್ಲ ಕಾರಿಗೂ ಆಗುವ ಪೈಪು ಯಾವ ಕಾರಿಗೂ ಸರಿಯಾಗಿ ಕೂರುವುದಿಲ್ಲ ಎಂಬುದು ಬಾನೆಟ್ ತೆಗೆದ ಮೇಲಷ್ಟೇ ತಿಳಿಯುವ ಸಂಗತಿ. ಬೆಲೆಯಲ್ಲಿ ಹತ್ತು ಪಟ್ಟು ಅಂತರವಿದ್ದರೂ ಆಶ್ಚರ್ಯವಿಲ್ಲ.

ಲೋಕಲ್ ಹಾಕಿಸಿದವನು ಪಿಕಪ್ ಬಂತು ಅನ್ನುತ್ತಾನೆ. ಒರಿಜಿನಲ್ ಹಾಕಿಸಿದವನೂ ಅದನ್ನೇ ಅನ್ನುತ್ತಾನೆ. ಇಬ್ಬರಿಗೂ ಬಂದದ್ದು ಮುಖ್ಯವಾಗಿ ಸೌಂಡು. ಕಂಪನಿಯವರು ಗಾಳಿಯ ದಾರಿಯಲ್ಲಿ ರೆಸೋನೇಟರ್ ಎಂಬ ಪ್ಲಾಸ್ಟಿಕ್ ಕೋಣೆ ಇಟ್ಟಿರುವುದೇ ಎಂಜಿನ್ ಗಾಳಿ ಎಳೆಯುವ ಸದ್ದನ್ನು ಅಡಗಿಸಲು. ಅದನ್ನು ಕಿತ್ತರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಗುಂಯ್ ಅನ್ನುತ್ತದೆ. ಗುಂಯ್ ಅಂದಿತೆಂದು ಮತ್ತೆ ಒತ್ತುತ್ತೇವೆ. ತಿಂಗಳ ಕೊನೆಗೆ ಪೆಟ್ರೋಲ್ ಬಂಕಿನವನು ಹೆಸರು ಹಿಡಿದು ಕರೆಯುವಷ್ಟು ಹತ್ತಿರದವನಾಗುತ್ತಾನೆ.

ಲೆಕ್ಕ ಹಾಕಿ. ಎರಡು ಸುತ್ತಿಗೊಮ್ಮೆ ಗಾಳಿ ತುಂಬಿಕೊಳ್ಳುವ 1.2 ಲೀಟರಿನ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3600 ಲೀಟರ್ ಗಾಳಿ ಕುಡಿಯುತ್ತದೆ. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನು ಸೆಕೆಂಡಿಗೆ ಮೂರು ಖಾಲಿಯಾದ ಹಾಗೆ. ಈ ಲೆಕ್ಕ ಕಾರು ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ ಹೆಚ್ಚಿನ ಹೊಸ ಕಾರುಗಳಲ್ಲಿ ಫಿಲ್ಟರನ್ನು ಹೊತ್ತ ಆ ಕಪ್ಪು ಏರ್‌ಬಾಕ್ಸಿನ ಮೂತಿ ಗ್ರಿಲ್ಲಿನ ಹಿಂದೆಯೋ ರೇಡಿಯೇಟರಿನ ಮೇಲ್ಭಾಗದಲ್ಲೋ ಹೊರಗಿನ ಗಾಳಿಗೆ ಬಾಯ್ತೆರೆದು ಕೂತಿರುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ತರುತ್ತಿರುವ ಕೋಲ್ಡ್ ಏರ್ ಇನ್‌ಟೇಕ್ ಕಾರಿನ ಜೊತೆಗೇ ಬಂದಿದೆ. ಹೊಳೆಯುವುದಿಲ್ಲ, ಅಷ್ಟೇ.

ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು ಶೇಕಡಾ 3ರಷ್ಟು ಸಾಂದ್ರವಾಗುತ್ತದೆ. ಕಿಟ್ ಮಾರುವವರ ಇಡೀ ವ್ಯಾಪಾರ ನಿಂತಿರುವುದು ಈ ಮೂರರ ಮೇಲೆ. ಬೆಂಗಳೂರಿಗೆ ಇನ್ನೊಂದು ತಾಪತ್ರಯವಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಶೇಕಡಾ 10 ಕಡಿಮೆ. ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೆ, ಅಲ್ಲಿನ ಸೆಖೆಯನ್ನು ಕಳೆದರೂ, ಟರ್ಬೊ ಇಲ್ಲದ ಎಂಜಿನ್ನಿಗೆ ಶೇಕಡಾ ಎಂಟರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಇಷ್ಟು ಕೊಡುವ ಕಿಟ್ಟು ಜೆ.ಸಿ. ರೋಡಿನ ಯಾವ ಅಂಗಡಿಯಲ್ಲೂ ಇಲ್ಲ, ಜೊತೆಗೆ ಮೀನೂಟ ಬೇರೆ.

ಲೋಕಲ್ ಕಿಟ್ಟಿನ ಮೊದಲ ಎಡವಟ್ಟು ಶಾಖದ್ದು. ಏರ್‌ಬಾಕ್ಸ್ ಕಿತ್ತು ಅದೇ ಜಾಗದಲ್ಲಿ ಕೋನ್ ಫಿಲ್ಟರನ್ನು ಬರಿಮೈಯಲ್ಲಿ ಕೂರಿಸಿದರೆ ಅದು ಎಳೆಯುವುದು ಎಂಜಿನ್ ಕಾಯಿಸಿದ ಗಾಳಿಯನ್ನು. ಕಾರಿನ ಕಂಪ್ಯೂಟರಿನ ಲೆಕ್ಕ ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಒಂದು ಬ್ಲೂಟೂತ್ ಅಡಾಪ್ಟರ್ ತಂದು ಇನ್‌ಟೇಕ್ ತಾಪಮಾನ ನೋಡಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ 60 ಡಿಗ್ರಿ ದಾಟುವುದು ಮಾಮೂಲು. ತೆಳು ಅಲ್ಯೂಮಿನಿಯಂ ಪೈಪು ಆ ಬಿಸಿಯನ್ನು ಹೀರಿಕೊಂಡು ಒಳಗಿನ ಗಾಳಿಗೆ ಹಂಚುತ್ತದೆ. ಒಳ್ಳೆಯ ಬ್ರಾಂಡಿನ ಕಿಟ್ಟಿನಲ್ಲಿ ಪೈಪು ಹಲವು ಸಲ ದಪ್ಪ ಪ್ಲಾಸ್ಟಿಕ್ಕಿನದು, ಫಿಲ್ಟರಿನ ಸುತ್ತ ಶಾಖ ತಡೆಯುವ ಗೋಡೆ, ಆ ಗೋಡೆಯ ಅಂಚಿಗೆ ಬಾನೆಟ್ಟಿಗೆ ಒತ್ತಿ ಕೂರುವ ರಬ್ಬರ್ ಪಟ್ಟಿ. ಎಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಗ್ರಾಫ್ ತೋರಿಸಿ ಮಾರುವವರ ಫೋಟೋ ಗಮನಿಸಿ: ಬಾನೆಟ್ ತೆರೆದಿರುತ್ತದೆ, ಮುಂದೆ ಮದುವೆ ಮಂಟಪದಲ್ಲಿ ಇಡುವಷ್ಟು ದೊಡ್ಡ ಫ್ಯಾನು ತಿರುಗುತ್ತಿರುತ್ತದೆ.

ನಿಜವಾದ ಅನಾಹುತ ಇರುವುದು ಪೈಪಿನ ವ್ಯಾಸದಲ್ಲಿ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಒಂದು ಸಣ್ಣ ಬಿಸಿ ತಂತಿಯೋ ಫಿಲ್ಮೋ ಹಾಯುವ ಗಾಳಿಯನ್ನು ಅಳೆದು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೆ ವರದಿ ಕೊಡುತ್ತದೆ. ಅದರ ಲೆಕ್ಕ ಕಂಪನಿ ಪೈಪಿನ ಒಳ ವ್ಯಾಸಕ್ಕೆ ಮಾತ್ರ ಸರಿ. 60 ಮಿಲಿಮೀಟರ್ ಇದ್ದಲ್ಲಿ 70ರ ಪೈಪು ಹಾಕಿದರೆ ವಿಸ್ತೀರ್ಣ ಶೇಕಡಾ 36 ಹೆಚ್ಚುತ್ತದೆ, ಗಾಳಿಯ ವೇಗ ಇಳಿಯುತ್ತದೆ, ಸೆನ್ಸರ್ ಕಾಲು ಭಾಗಕ್ಕೂ ಹೆಚ್ಚು ಗಾಳಿಯನ್ನು ಎಣಿಸದೆ ಬಿಡುತ್ತದೆ. ಇಸಿಯು ಅದನ್ನೇ ನಂಬಿ ಕಡಿಮೆ ಪೆಟ್ರೋಲ್ ಕೊಡುತ್ತದೆ. ಆಕ್ಸಿಜನ್ ಸೆನ್ಸರ್ "ಸಾಲದು, ಸಾಲದು" ಅನ್ನುತ್ತದೆ. ಸರಿಪಡಿಸುವ ಮಿತಿ ಮುಗಿದ ಮೇಲೆ ಚೆಕ್ ಎಂಜಿನ್ ದೀಪ, ಕೋಡ್ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಹಾಕಿದವನು "ಇಸಿಯು ಕಲಿತುಕೊಳ್ಳುತ್ತೆ ಬಿಡಿ ಸಾರ್" ಅನ್ನುತ್ತಾನೆ. ಅದು ಕಲಿಯಬಲ್ಲದ್ದು ಸುಮಾರು ಶೇಕಡಾ 25ರವರೆಗೆ, ಮೂವತ್ತಾರರ ಪಾಠ ಅದರ ಸಿಲಬಸ್ಸಿನಲ್ಲಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಇರಲಿ. ಸೆನ್ಸರ್ ಕೂರುವ ಜಾಗದ ಒಳ ವ್ಯಾಸ ಕಂಪನಿಯದಕ್ಕೆ ಸರಿಸಮ ಇಲ್ಲದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ಗಾಳಿಯನ್ನು ಹೀಗೆ ಅಳೆಯದೆ ಒತ್ತಡ ನೋಡಿ ಲೆಕ್ಕ ಹಾಕುವ ಎಂಎಪಿ ಸೆನ್ಸರ್ ಇರುವ ಕಾರಿಗೆ ಈ ಕಾಟವಿಲ್ಲ. ತಾಪಮಾನದ ಸೆನ್ಸರ್ ಸಿಕ್ಕಿಸುವ ತೂತಿಗೆ ಸರಿಯಾದ ರಬ್ಬರ್ ಗ್ರೋಮೆಟ್ ಇದ್ದರೆ ಆಯಿತು. ಅದಿಲ್ಲದೆ ಎಂ-ಸೀಲ್ ಮೆತ್ತಿದ ಸೆನ್ಸರುಗಳು ಈ ನಗರದಲ್ಲಿ ಬೇಕಾದಷ್ಟು ಓಡಾಡುತ್ತಿವೆ.

ಇನ್ನು ಬ್ರೀದರ್ ಹೋಸು. ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಎಣ್ಣೆ ಇರುವ ಕೆಳಗಿನ ಕೋಣೆಗೆ) ಹೋಗುವ ಈ ಹೋಸನ್ನು ಕಂಪನಿಯವರು ಫಿಲ್ಟರಿನ ನಂತರದ ಪೈಪಿಗೆ ಸೇರಿಸಿರುತ್ತಾರೆ. ಲೋಕಲ್ ಪೈಪಿನಲ್ಲಿ ಆ ಮೂತಿ ಇರದಿದ್ದರೆ, ಹೋಸ್ ಕಿತ್ತು ವಾಲ್ವ್ ಕವರಿನ ಮೇಲೆ ಕೋಳಿಮೊಟ್ಟೆ ಗಾತ್ರದ ಒಂದು ಪುಟಾಣಿ ಫಿಲ್ಟರ್ ಸಿಕ್ಕಿಸಿ ಕಳಿಸುತ್ತಾರೆ. ನೋಡಲು ಮುದ್ದಾಗಿದೆ. ಮಾಸ್ ಏರ್‌ಫ್ಲೋ ಕಾರಿನಲ್ಲಿ ಅದರ ಮೂಲಕ ಎಣಿಕೆಗೆ ಸಿಗದ ಗಾಳಿ ನುಸುಳುತ್ತದೆ, ಎಣ್ಣೆಯ ಹಬೆ ಬಾನೆಟ್ ಒಳಗೇ ಉಳಿಯುತ್ತದೆ, ಎಸಿ ಹಾಕಿದರೆ ಹೆಂಡತಿ "ರೀ, ಏನೋ ಸುಟ್ಟ ವಾಸನೆ" ಅನ್ನುತ್ತಾಳೆ.

ಕ್ಲ್ಯಾಂಪಿನ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಕ್ಲ್ಯಾಂಪಿನ ಸ್ಕ್ರೂ ಎರಡನೇ ಸಲ ತಿರುಗಿಸುವಾಗ ಹಲ್ಲು ಕಳೆದುಕೊಳ್ಳುತ್ತದೆ. ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಇರಬೇಕು, ಇಲ್ಲದಿದ್ದರೆ ಸಿಲಿಕಾನ್ ಹೋಸು ಜಾರಿ ಹಂಪಿನ ಮೇಲೆ ಕಳಚುತ್ತದೆ. ಹೊಸ ಪೈಪಿನೊಳಗೆ ಕತ್ತರಿಸಿದ ಅಲ್ಯೂಮಿನಿಯಂ ಚೂರು ಉಳಿದಿರಬಹುದು, ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ ಒಣಗಿಸಿಯೇ ಹಾಕಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ. ಬ್ರಾಂಡಿನ ಕಿಟ್ಟಿನ ಬ್ರಾಕೆಟ್ ಕಂಪನಿ ಬೋಲ್ಟಿನ ತೂತಿಗೇ ಕೂರುತ್ತದೆ, ನಡುವೆ ರಬ್ಬರ್ ಇರುತ್ತದೆ. ಲೋಕಲ್ ಕಿಟ್ಟಿನ ಬ್ರಾಕೆಟ್ ಅಂದರೆ ಎರಡು ಕೇಬಲ್ ಟೈ. ಪೈಪಿನ ಭಾರವೆಲ್ಲ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಜೋತುಬಿದ್ದು, ಬ್ಯಾಟರಿ ಟ್ರೇಗೆ ಉಜ್ಜಿ ಉಜ್ಜಿ ತೂತಾಗುತ್ತದೆ. ನೂರು ಕಿಲೋಮೀಟರ್ ಓಡಿಸಿ ಎಲ್ಲ ಕ್ಲ್ಯಾಂಪು ಮತ್ತೆ ಬಿಗಿಮಾಡಿ, ಓಬಿಡಿಯಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಿ. ಸೊನ್ನೆಯಿಂದ ಐದು ಅತ್ತಿತ್ತ ಇದ್ದರೆ ಸರಿ. ಹತ್ತು ದಾಟಿ ಏರುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ.

ಫಿಲ್ಟರಿನ ಗುಣ ನೋಡಲು ಮೊಬೈಲ್ ಟಾರ್ಚು ಸಾಕು. ಒಳಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ನೇರ ಹೊರಬಂದರೆ ಧೂಳೂ ನೇರ ಒಳಹೋಗುತ್ತದೆ. ಹಾಕಿದ ಕೆಲವು ವಾರದ ಮೇಲೆ ಫಿಲ್ಟರಿನ ಹಿಂದಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ. ಕೆಂಪು ಹತ್ತಿದರೆ ಸಿಲಿಂಡರ್ ಗೋಡೆಗೆ ಮರಳುಕಾಗದ ಉಜ್ಜುತ್ತಿದ್ದೀರಿ ಎಂದರ್ಥ. ಫಿಲ್ಟರನ್ನೇ ನೋಡಿ ತಿಳಿಯೋಣವೆಂದರೆ ಅದೂ ಕೆಂಪು, ನಮ್ಮ ಮಣ್ಣೂ ಕೆಂಪು. ಹೆಸರುವಾಸಿ ಕಂಪನಿಗಳು ಐಎಸ್‌ಓ 5011 ಪ್ರಕಾರ ಧೂಳು ಹಾಯಿಸಿ ಪರೀಕ್ಷಿಸುತ್ತವೆ. ಲೋಕಲ್ ಡಬ್ಬಿಯ ಮೇಲೆ 'ಹೈ ಫ್ಲೋ' ಎಂದಷ್ಟೇ ಇರುತ್ತದೆ, ಏನೆಲ್ಲ ಹರಿಯುತ್ತದೆ ಎಂದು ಹೇಳಿರುವುದಿಲ್ಲ. ಮೂರನೆಯ ಜಾತಿಯೊಂದಿದೆ: ಲೋಕಲ್ ಮಾಲು, ಒರಿಜಿನಲ್ ಸ್ಟಿಕರು, ನಡುವಿನ ಬೆಲೆ. ಮೂರರಲ್ಲಿ ಇದೇ ಕೆಟ್ಟದ್ದು.

ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಆದರೆ ತೊಳೆಯಲು ಬರಬೇಕು. ಅದರದೇ ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ ಸಣ್ಣಗೆ ನೀರು ಬಿಡಿ. ನೆರಳಲ್ಲಿ ತಾನಾಗಿ ಒಣಗಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆದರೆ ಹತ್ತಿ ಹರಿಯುತ್ತದೆ. ಪ್ರತಿ ಮಡಿಕೆಗೆ ಒಂದೇ ಗೆರೆ ಎಣ್ಣೆ, ಇಪ್ಪತ್ತು ನಿಮಿಷ ಕಾದು ಬಿಳಿಚಿದ ಜಾಗಕ್ಕೆ ಇನ್ನೊಂದಿಷ್ಟು. ಜಾಸ್ತಿಯಾದರೆ ಸೆನ್ಸರಿನ ತಂತಿಗೆ ಅಂಟಿ ಮತ್ತೆ ಅದೇ ದೀಪ. ತಲೆಗೆ ಹಚ್ಚುವ ಎಣ್ಣೆ ಆಗುತ್ತದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ.

ನಿಜಕ್ಕೂ ತಣ್ಣಗಿನ ಗಾಳಿ ಬೇಕೆಂದು ಫಿಲ್ಟರನ್ನು ಬಂಪರಿನ ಹಿಂದೆ ಕೆಳಗೆ ಇಳಿಸುವ ಉದ್ದ ಪೈಪಿನ ಕಿಟ್ಟುಗಳೂ ಇವೆ. ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿದರೆ ಅದು ಗಾಳಿಯ ಬದಲು ನೀರು ಎಳೆಯುತ್ತದೆ. ನೀರನ್ನು ಅದುಮಲು ಪಿಸ್ಟನ್ನಿಗೆ ಆಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡು. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ ಪ್ಲಗ್ ಬಿಚ್ಚಿಸಿ. ಸಾಮಾನ್ಯ ವಿಮೆ ಇದಕ್ಕೆ ದುಡ್ಡು ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಬೇರೆ ತೆಗೆದುಕೊಳ್ಳಬೇಕು. ಅದಿದ್ದರೂ, ತಿಳಿಸದೆ ಹಾಕಿಸಿದ ಪೈಪನ್ನು ಸರ್ವೇಯರ್ ಮೊದಲು ನೋಡುತ್ತಾನೆ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ₹5,000 ದಂಡವೂ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒರಿಜಿನಲ್ಲೋ ಲೋಕಲ್ಲೋ ಎಂಬ ಚರ್ಚೆಯೇ ಇಲ್ಲ. ಅಲ್ಲಿನ ವಾಯು ಮಂಡಳಿ ಆ ಮಾದರಿಯ ಕಾರಿಗೆ ಕೊಟ್ಟ ಅನುಮತಿ ಸಂಖ್ಯೆ ಕಿಟ್ಟಿಗೆ ಇಲ್ಲದಿದ್ದರೆ ಸ್ಮಾಗ್ ಟೆಸ್ಟಿನಲ್ಲಿ, ಅಂದರೆ ಹೊಗೆ ತಪಾಸಣೆಯಲ್ಲಿ, ಕಣ್ಣಲ್ಲಿ ನೋಡಿಯೇ ಫೇಲ್ ಮಾಡುತ್ತಾರೆ.

ದಿನಾ ಆಫೀಸಿಗೆ ಓಡುವ ಕಾರಾದರೆ ಕಂಪನಿಯ ಕಾಗದದ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಕೆಲವು ನೂರು ರೂಪಾಯಿಯ ಕೆಲಸ. ಸೌಂಡು ಬೇಕೇ ಬೇಕೆಂದರೆ ಬ್ರಾಂಡಿನ ಕೋನು, ಅಳತೆ ನೋಡಿ ತಂದ ಲೋಕಲ್ ಪೈಪು, ಬೇರೆ ಕೊಂಡ ಗಟ್ಟಿ ಕ್ಲ್ಯಾಂಪು, ಇಷ್ಟು ಸೇರಿದರೆ ದುಡ್ಡಿಗೆ ಮೋಸವಿಲ್ಲ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಹಳೆಯ ಏರ್‌ಬಾಕ್ಸ್ ತೋರಿಸಿ "ಇದು ಗುಜರಿಗೆ ಹಾಕ್ಲಾ ಅಣ್ಣಾ?" ಅನ್ನುತ್ತಾನೆ. ಬೇಡ ಅನ್ನಿ. ಕ್ಲಿಪ್ಪು, ಸ್ಕ್ರೂ, ರಬ್ಬರ್ ಬುಷ್ ಸಮೇತ ಒಂದು ಚೀಲಕ್ಕೆ ಹಾಕಿಸಿಕೊಂಡು ಅಟ್ಟದ ಮೇಲಿಡಿ. ಕಾರು ಮಾರುವ ದಿನ ಅದನ್ನು ಶೋರೂಮಿನಿಂದ ಹೊಸದಾಗಿ ತರಲು ಹೋದರೆ ಲೋಕಲ್ ಕಿಟ್ಟಿಗಿಂತ ಹೆಚ್ಚು ಬೆಲೆ ಹೇಳಿಯಾರು.